ಪೈಲ್ವಾನ್ ಅಜ್ಜ ಕೇಳಿದ ಪ್ರಶ್ನೆ: ನಿತ್ಯಜೀವ ಅಂದರೆ ಏನು?

ದಾವಣಗೆರೆಯ ನಮ್ಮ ಓಣಿಯಲ್ಲಿ ಒಬ್ಬರು ಪೈಲ್ವಾನ್ ಅಜ್ಜ ಇದ್ದಾರೆ. ಅವರ ಪಡಸಾಲೆಯ ಗೋಡೆಗೆ ಒಂದು ಮೊಳೆ, ಮೊಳೆಗೆ ಒಂದು ಹಾರ. ಅದು ಚೆಂಡುಹೂವಿನ ಹಾರ ಅಂತ ಅವರು ಹೇಳಿದರೆ ನಂಬಬೇಕು, ಅಷ್ಟೇ. ಈಗ ಉಳಿದಿರುವುದು ಬರೀ ದಾರ, ಅದಕ್ಕೆ ಅಲ್ಲಲ್ಲಿ ಅಂಟಿಕೊಂಡ ಕಂದು ಪುಡಿ. ಮೂಲೆಯಲ್ಲಿ ಒಂದು ಬೆಳ್ಳಿ ಗದೆ ನಿಂತಿದೆ. ಅದೂ ಕಪ್ಪಿಟ್ಟಿದೆ. ಎರಡೂ ದುಗ್ಗಮ್ಮನ ಜಾತ್ರೆಯ ಜಂಗಿ ಕುಸ್ತಿಯಲ್ಲಿ ಗೆದ್ದದ್ದು. ಯಾವ ವರ್ಷ ಅಂತ ಕೇಳಿದರೆ ಅಜ್ಜ ಇಸವಿ ಹೇಳುವುದಿಲ್ಲ. "ಕಾಟನ್ ಮಿಲ್ಲಿನ ಸೈರನ್ ಕೂಗ್ತಿದ್ದ ಕಾಲ" ಅನ್ನುತ್ತಾರೆ.

ಸೊಸೆ ಎರಡು ಸಲ ಆ ದಾರ ಕಿತ್ತು ಎಸೆಯಲು ಹೋಗಿದ್ದರಂತೆ. ಎರಡು ಸಲವೂ ಅಜ್ಜ ಅವತ್ತು ಊಟ ಬಿಟ್ಟರಂತೆ.

ಒಂದು ಭಾನುವಾರ ನಾನು ಚರ್ಚಿನಿಂದ ಬರುತ್ತಿದ್ದಾಗ ಅಜ್ಜ ಕಟ್ಟೆ ಮೇಲೆ ಕೂತಿದ್ದರು. ಕೈಯಲ್ಲಿದ್ದ ಬೈಬಲ್ ನೋಡಿ ಕರೆದರು. "ಬಾರಪ್ಪಾ ಇಲ್ಲಿ. ನಿಮ್ಮೋರು ನಿತ್ಯಜೀವ, ನಿತ್ಯಜೀವ ಅಂತಾರಲ್ಲ, ಏನದು? ನಮಗೆ ನಿತ್ಯ ಜೀವನ ಮಾಡೋದೇ ಕಷ್ಟ ಆಗೈತಿ."

ನಾನು ನಕ್ಕೆ. ಆಮೇಲೆ ಉತ್ತರ ಕೊಡಲು ಹೋಗಿ ತಡವರಿಸಿದೆ. ಹುಟ್ಟಿದಾಗಿನಿಂದ ಕೇಳಿದ ಪದ ಅದು. ಹಾಡಿನಲ್ಲಿ, ಪ್ರಾರ್ಥನೆಯಲ್ಲಿ, ಮಣ್ಣು ಮಾಡುವಾಗ ಸಮಾಧಿ ಪಕ್ಕದಲ್ಲಿ ಕೇಳಿದ್ದೇನೆ. ಬಿಡಿಸಿ ಹೇಳು ಅಂದರೆ ಬಾಯಿ ಕಟ್ಟಿತು. ಆದರೆ ಅಜ್ಜನ ಮೊಳೆಗೆ ನೇತಾಡುತ್ತಿದ್ದ ಆ ದಾರದಿಂದಲೇ ಶುರು ಮಾಡಬಹುದು ಅಂತ ಆಮೇಲೆ ಹೊಳೆಯಿತು. ಯಾಕೆಂದರೆ ಬೈಬಲಿನಲ್ಲಿ ಈ ಮಾತನ್ನು ಆಟದ ಭಾಷೆಯಲ್ಲಿ ಹೇಳಿದವನೊಬ್ಬ ಇದ್ದಾನೆ. ಅವನ ಹೆಸರು ಪೌಲ.

ಪೌಲ ಯೆಹೂದ್ಯ. ಡೇರೆ ಹೊಲಿಯುವುದು ಅವನ ಕಸುಬು. ಯೇಸುವಿನ ಸುದ್ದಿ ಸಾರುತ್ತಾ ಊರೂರು ಅಲೆದವನು. ಕ್ರಿ.ಶ. 50ರ ಹೊತ್ತಿಗೆ ಗ್ರೀಸಿನ ಕೊರಿಂಥ ಪಟ್ಟಣಕ್ಕೆ ಬಂದು ಒಂದೂವರೆ ವರ್ಷ ಅಲ್ಲಿ ಇದ್ದ. ಕೊರಿಂಥ ವ್ಯಾಪಾರದ ಊರು. ಎರಡು ಬಂದರು, ದುಡ್ಡು, ಗಲಾಟೆ, ಎಲ್ಲಾ ಕಡೆಯ ಜನ. ಅಲ್ಲಿಂದ ಸ್ವಲ್ಪ ದೂರದಲ್ಲಿ, ನಮ್ಮ ದಾವಣಗೆರೆಯಿಂದ ಹರಿಹರಕ್ಕೆ ಇರುವಷ್ಟು ದೂರ ಅಂದುಕೊಳ್ಳಿ, ಇಸ್ತಮಿಯ ಅಂತ ಒಂದು ಜಾಗ. ಸಮುದ್ರದೇವರಾದ ಪೊಸೈಡನ್‌ನ ಗುಡಿ ಅಲ್ಲಿತ್ತು. ಆ ದೇವರ ಹೆಸರಿನಲ್ಲಿ ಎರಡು ವರ್ಷಕ್ಕೊಮ್ಮೆ ದೊಡ್ಡ ಆಟ. ಓಟ, ಕುಸ್ತಿ, ಮುಷ್ಟಿಯುದ್ಧ, ರಥದ ಪಂದ್ಯ ಎಲ್ಲಾ ಇರುತ್ತಿದ್ದವು.

ಇದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ದುಗ್ಗಮ್ಮನ ಜಾತ್ರೆ. ಅದೂ ಎರಡು ವರ್ಷಕ್ಕೊಮ್ಮೆ. ಅದರಲ್ಲೂ ದೇವರು, ಜನ, ನೆಂಟರು, ಕುಸ್ತಿ. ಪೌಲ ಕೊರಿಂಥದಲ್ಲಿ ಇದ್ದ ಹೊತ್ತಿನಲ್ಲೇ ಒಂದು ಸುತ್ತು ಆಟ ನಡೆದಿರುವ ಸಂಭವ ಜಾಸ್ತಿ. ಹೊರಗಿನಿಂದ ಸಾವಿರಾರು ಜನ ಬಂದಿಳಿದರೆ ಡೇರೆ ಹೊಲಿಯುವವನಿಗೆ ಕೆಲಸಕ್ಕೇನು ಬರ? ಅವನು ಕ್ರೀಡಾಂಗಣಕ್ಕೆ ಕಾಲಿಡದೆ ಇದ್ದರೂ ಆಟದ ಮಾತು ಕಿವಿಗೆ ಬೀಳದೆ ಇರಲು ಸಾಧ್ಯವಿರಲಿಲ್ಲ.

ಆ ಆಟದಲ್ಲಿ ಗೆದ್ದವನಿಗೆ ಸಿಗುತ್ತಿದ್ದದ್ದು ಏನು ಗೊತ್ತಾ? ತಲೆಗೆ ಸುತ್ತುವ ಒಂದು ಹಸಿರು ಬಳೆ. ಒಲಿಂಪಿಯದಲ್ಲಿ ಕಾಡು ಆಲಿವ್ ಎಲೆಯದ್ದು. ಇಸ್ತಮಿಯದಲ್ಲಿ ಕೆಲವು ಕಾಲ ಪೈನ್ ಸೊಪ್ಪಿನದ್ದು, ಕೆಲವು ಕಾಲ ಕಾಡು ಸೆಲರಿ ಸೊಪ್ಪಿನದ್ದು. ಸೆಲರಿ ಅಂದರೆ ಕೊತ್ತಂಬರಿಯ ಬಳಗದ ಸೊಪ್ಪು. ಇಸ್ತಮಿಯದಲ್ಲಿ ಅದನ್ನು ಒಣಗಿಸಿಯೇ ಹಾಕುತ್ತಿದ್ದರು ಅಂತ ಹಳೆಯ ಬರಹಗಾರರು ಹೇಳುತ್ತಾರೆ. ಅಂದರೆ ತಲೆಗೆ ಏರುವ ಮೊದಲೇ ಬಾಡಿದ ಸೊಪ್ಪು! ಇದಕ್ಕಾಗಿ ಗ್ರೀಕ್ ಆಟಗಾರರು ತಿಂಗಳುಗಟ್ಟಲೆ ಬೆವರು ಸುರಿಸುತ್ತಿದ್ದರು. ಒಲಿಂಪಿಯಕ್ಕೆ ಬಂದವರಂತೂ ಹತ್ತು ತಿಂಗಳು ಬಿಡದೆ ಸಾಧನೆ ಮಾಡಿದ್ದೇವೆ ಅಂತ ಪ್ರಮಾಣ ಮಾಡಬೇಕಿತ್ತು.

ಪೌಲ ಆಮೇಲೆ ಕೊರಿಂಥದ ಕ್ರೈಸ್ತರಿಗೆ ಪತ್ರ ಬರೆದಾಗ ಇದನ್ನೇ ಎತ್ತಿಕೊಂಡ. ಅದರ ಒಂಬತ್ತನೇ ಅಧ್ಯಾಯದ ಕೊನೆಯಲ್ಲಿ ಅವನು ಹೇಳುವುದರ ಸಾರ ಇಷ್ಟು: ಓಟದಲ್ಲಿ ಎಲ್ಲರೂ ಓಡುತ್ತಾರೆ, ಬಹುಮಾನ ಒಬ್ಬನಿಗೆ. ಆಟಗಾರರು ಎಲ್ಲದರಲ್ಲೂ ಹಿಡಿತದಲ್ಲಿರುತ್ತಾರೆ. ಅವರು ಅದನ್ನೆಲ್ಲ ಮಾಡುವುದು ಬಾಡಿಹೋಗುವುದಕ್ಕಾಗಿ, ನಾವು ಬಾಡದೆ ಇರುವುದಕ್ಕಾಗಿ.

ಇಲ್ಲಿ ಕನ್ನಡದ ಓದುಗರಿಗೆ ಒಂದು ತೊಡಕಿದೆ. ಕೆಲವು ಕನ್ನಡ ಅನುವಾದಗಳಲ್ಲಿ ಈ ಜಾಗದಲ್ಲಿ 'ಕಿರೀಟ' ಅಂತಿದೆ. ಕಿರೀಟ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ನಾಟಕದ ರಾಜ, ಹೊಳೆಯುವ ಬಂಗಾರ. ಬಂಗಾರ ಎಲ್ಲಾದರೂ ಬಾಡುತ್ತಾ? ಚಿಕ್ಕವನಿದ್ದಾಗ ನನಗೆ ಈ ಮಾತು ತಲೆಬುಡ ತಿಳಿಯುತ್ತಿರಲಿಲ್ಲ. ಗ್ರೀಕ್ ಭಾಷೆಯಲ್ಲಿ ರಾಜನ ಕಿರೀಟಕ್ಕೆ 'ದಿಯಾದೆಮ' ಅನ್ನುವ ಬೇರೆ ಪದವೇ ಇದೆ. ಪೌಲ ಬಳಸಿದ್ದು 'ಸ್ತೆಫನೊಸ್'. ಅದು ಗೆದ್ದವನ ತಲೆಯ ಸೊಪ್ಪಿನ ಬಳೆ. ಹಳೆಯ ಕನ್ನಡ ಬೈಬಲಿನಲ್ಲಿ 'ಜಯಮಾಲೆ' ಅಂತಿದೆ. ನನ್ನ ಕೇಳಿದರೆ ಅದೇ ಸರಿ. ಅಜ್ಜನ ಮೊಳೆಗೆ ತೂಗುತ್ತಿರುವುದೂ ಅದೇ ಅಲ್ವಾ?

ಆಟದ ಹೆಸರು ಯಾಕೆ ಬಾಡುತ್ತದೆ ಅನ್ನುವುದನ್ನು ಜಾಸ್ತಿ ವಿವರಿಸಬೇಕಿಲ್ಲ. ಮೈ ಮೊದಲು ಕೈಕೊಡುತ್ತದೆ. ಮೂವತ್ತು ದಾಟಿದ ಮೇಲೆ ಸ್ನಾಯು ಮೆಲ್ಲಗೆ ಕರಗಲು ಶುರುವಾಗುತ್ತದೆ. ಪೆಟ್ಟು ಬಿದ್ದರೆ ಬೇಗ ವಾಸಿಯಾಗುವುದಿಲ್ಲ. ಆಮೇಲೆ ಜನರ ನೆನಪು ಕೈಕೊಡುತ್ತದೆ. 'ದಾವಣಗೆರೆ ಎಕ್ಸ್‌ಪ್ರೆಸ್' ಅಂತ ಕರೆಸಿಕೊಂಡ ಕ್ರಿಕೆಟಿಗ ವಿನಯ್ ಕುಮಾರ್ ನಾಯಕರಾಗಿ ಕರ್ನಾಟಕಕ್ಕೆ 2013-14 ಮತ್ತು 2014-15ರಲ್ಲಿ ಸಾಲಾಗಿ ಎರಡು ರಣಜಿ ಟ್ರೋಫಿ ಗೆದ್ದುಕೊಟ್ಟರು. ಆಗ ಬೆಣ್ಣೆ ದೋಸೆ ಹೋಟೆಲಿನಲ್ಲಿ ದೋಸೆಗೆ ಕಾಯುವಾಗ ಅದೇ ಮಾತು. ಮೊನ್ನೆ ಪಕ್ಕದ ಮನೆಯ ಹುಡುಗನಿಗೆ ಆ ಹೆಸರು ಹೇಳಿದೆ. "ಅದು ಯಾವ ಟ್ರೈನು ಅಂಕಲ್?" ಅಂದ. ಹತ್ತು ವರ್ಷ ಸಾಕು.

ದಾಖಲೆಯಂತೂ ಇನ್ನೂ ಕಠಿಣ. ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟವನ್ನು 47.6 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದ. ಜಗತ್ತು ಬಾಯಿ ಬಿಟ್ಟುಕೊಂಡು ನೋಡಿತು. 2016ರಲ್ಲಿ ರಿಯೊದಲ್ಲಿ ದಕ್ಷಿಣ ಆಫ್ರಿಕಾದ ವೇಯ್ಡ್ ವಾನ್ ನೀಕರ್ಕ್ ಅದೇ ದೂರವನ್ನು 43.03 ಸೆಕೆಂಡಿನಲ್ಲಿ ಓಡಿದ. ಲೆಕ್ಕ ಹಾಕಿ ನೋಡಿ. ಇಬ್ಬರೂ ಒಟ್ಟಿಗೆ ಓಡಿದ್ದರೆ ವಾನ್ ನೀಕರ್ಕ್ ಗೆರೆ ಮುಟ್ಟುವಾಗ ಲಿಡೆಲ್ ಸುಮಾರು 38 ಮೀಟರ್ ಹಿಂದೆ ಇರುತ್ತಿದ್ದ.

ಚಿತ್ರದುರ್ಗದ ಕೋಟೆಗೆ ಹೋದವರು ಅಲ್ಲಿನ ಗರಡಿ ಮನೆ ನೋಡಿರುತ್ತೀರಿ. ಏಳು ಸುತ್ತಿನ ಕೋಟೆ, ಬಂಡೆ ಮೇಲೆ ಬಂಡೆ. 1779ರಲ್ಲಿ ಅದೂ ಹೈದರಾಲಿಯ ಕೈ ಸೇರಿತು. ಗರಡಿ ಮನೆಯ ಗೋಡೆ ಈಗಲೂ ನಿಂತಿದೆ. ಅಲ್ಲಿ ತೊಡೆ ತಟ್ಟಿದವರಲ್ಲಿ ಒಬ್ಬರ ಹೆಸರೂ ನಮಗೆ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಬೇಕು. ಪೌಲ ಆಟವನ್ನು ಬೈಯಲಿಲ್ಲ. ಸುಮ್ನೆ ಕುಸ್ತಿ ಗಿಸ್ತಿ ಬಿಟ್ಟು ಪ್ರಾರ್ಥನೆಗೆ ಬನ್ನಿ ಅನ್ನಲಿಲ್ಲ. ಕೆಲವು ಬೋಧಕರು ಹಾಗೆ ಹೇಳುವುದನ್ನು ಕೇಳಿದ್ದೇನೆ. ಅವರು ಪತ್ರವನ್ನು ಸರಿಯಾಗಿ ಓದಿಲ್ಲ ಅನ್ನಿಸುತ್ತದೆ. ಪೌಲನಿಗೆ ಆಟಗಾರರ ಮೇಲೆ ಮೆಚ್ಚುಗೆ ಇತ್ತು. ನಾನು ಗಾಳಿಗೆ ಗುದ್ದುವವನಲ್ಲ, ನನ್ನ ಮೈಯನ್ನೇ ಗುದ್ದಿ ಹಿಡಿತಕ್ಕೆ ತರುತ್ತೇನೆ ಅನ್ನುತ್ತಾನೆ. ಅಲ್ಲಿ ಅವನು ಬಳಸುವ ಗ್ರೀಕ್ ಪದಕ್ಕೆ ನೇರ ಅರ್ಥ ಕಣ್ಣಿನ ಕೆಳಗೆ ಗುದ್ದುವುದು. ಅಖಾಡದ ಮಾತು ಅದು, ಗುಡಿಯ ಮಾತಲ್ಲ. ಅವನ ವಾದ ಹೀಗೆ ಸಾಗುತ್ತದೆ: ಒಣ ಸೊಪ್ಪಿಗೆ ಇಷ್ಟು ಕಷ್ಟಪಡುವವರು ಇರುವಾಗ, ಬಾಡದೆ ಇರುವುದು ಕಣ್ಣ ಮುಂದಿದ್ದೂ ನಾವು ಸೋಮಾರಿಗಳಾದರೆ ಹೇಗೆ?

ಅಜ್ಜನಿಗೆ ಇದನ್ನು ಹೇಳಿದಾಗ ಅವರು ತಟ್ಟನೆ ಕೇಳಿದರು. "ಅಂದ್ರೆ ಸಾಮು ಮಾಡಿದಂಗೆ ಪುಣ್ಯ ಮಾಡಿದ್ರೆ ನಿಮ್ಮ ಜಯಮಾಲೆ ಸಿಗ್ತೈತಿ ಅನ್ನು."

ಇದೇ ಈ ವಿಷಯದ ಗಂಟು. ಅಜ್ಜ ಅನ್ನುವುದು ಸಹಜ. ಆದರೆ ಕ್ರೈಸ್ತ ನಂಬಿಕೆ ಹೇಳುವುದು ಅದನ್ನಲ್ಲ. ಇದೇ ಪೌಲ ರೋಮಿನವರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ ಪಾಪಕ್ಕೆ ಸಿಗುವ ಸಂಬಳ ಸಾವು, ದೇವರು ಕೊಡುವ ಉಚಿತ ವರ ನಿತ್ಯಜೀವ ಅನ್ನುತ್ತಾನೆ. ಎರಡು ಪದ ಗಮನಿಸಿ. ಒಂದು ಕಡೆ ಸಂಬಳ, ಇನ್ನೊಂದು ಕಡೆ ವರ. ಸಂಬಳಕ್ಕೆ ದುಡಿಯಬೇಕು. ವರಕ್ಕೆ ಕೈ ಚಾಚಬೇಕು ಅಷ್ಟೇ. ನಮ್ಮ ಬದಲಿಗೆ ಗೆದ್ದವನು ಕ್ರಿಸ್ತ. ಅವನು ಶಿಲುಬೆಯ ಮೇಲೆ ಸತ್ತು ಮೂರನೇ ದಿನ ಎದ್ದ ಅನ್ನುವುದೇ ಈ ನಂಬಿಕೆಯ ಬುನಾದಿ. ಹಾಗಾಗಿಯೇ ಇಲ್ಲಿ ಬಹುಮಾನ ಒಬ್ಬನಿಗೆ ಮಾತ್ರ ಅಲ್ಲ. ಕೊನೆಯಲ್ಲಿ ಬಂದವನಿಗೂ ಇದೆ, ಕುಂಟುತ್ತಾ ಬಂದವನಿಗೂ ಇದೆ.

ಹಾಗಿದ್ದರೆ ಗುದ್ದಾಟ, ಸಾಧನೆ ಎಲ್ಲಾ ಯಾಕೆ? ಅಜ್ಜನ ಗರಡಿಯ ಲೆಕ್ಕದಲ್ಲೇ ಹೇಳಿದೆ. ಹುಡುಗನನ್ನು ಅಪ್ಪ ಗರಡಿಗೆ ಕರೆದುಕೊಂಡು ಬರುತ್ತಾನೆ. ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ವಸ್ತಾದರ ಕಾಲಿಗೆ ಬೀಳಿಸುತ್ತಾನೆ. ವಸ್ತಾದರು ತಲೆ ಮೇಲೆ ಕೈ ಇಟ್ಟು, ಹಣೆಗೆ ಅಖಾಡದ ಕೆಮ್ಮಣ್ಣು ಹಚ್ಚುತ್ತಾರೆ. ಅವತ್ತಿಗೆ ಆ ಹುಡುಗ ಶಿಷ್ಯ. ಇನ್ನೂ ಒಂದು ಬಸ್ಕಿ ಹೊಡೆದಿಲ್ಲ, ಒಂದು ಪಟ್ಟು ಗೊತ್ತಿಲ್ಲ. ಮರುದಿನ ಬೆಳಗಿನ ಜಾವ ಐದಕ್ಕೆ ಅವನನ್ನು ಎಬ್ಬಿಸುತ್ತಾರಲ್ಲ, ಅದು ಅವನು ಶಿಷ್ಯ ಆಗಲಿ ಅಂತಲ್ಲ. ಆಗಿದ್ದಾನೆ ಅಂತ. ಕ್ರೈಸ್ತರ ಮಟ್ಟಿಗೆ ಸಾಧನೆಯ ಜಾಗ ಅದು. ಮೊದಲು ಕೈ ಹಿಡಿಯುವುದು, ಆಮೇಲೆ ಬೆವರು. ಕಥೋಲಿಕರು ಮತ್ತು ಪ್ರಾಟೆಸ್ಟೆಂಟರು ಈ ಎರಡರ ತೂಕದ ಬಗ್ಗೆ ಐನೂರು ವರ್ಷದಿಂದ ಜಗಳ ಆಡುತ್ತಿದ್ದಾರೆ. ಆದರೆ ಮೊದಲ ಹೆಜ್ಜೆ ದೇವರದ್ದು ಅನ್ನುವುದನ್ನು ಇಬ್ಬರೂ ಒಪ್ಪುತ್ತಾರೆ.

ಅಜ್ಜ "ಹೂಂ" ಅಂದರು. ಒಪ್ಪಿದ ಹೂಂ ಅಲ್ಲ, ಕೇಳಿಸಿತು ಅನ್ನುವ ಹೂಂ.

ಈಗ ಅವರ ಮೊದಲ ತಮಾಷೆಗೆ ವಾಪಸ್ ಬರೋಣ. ನಿತ್ಯಜೀವ, ನಿತ್ಯ ಜೀವನ. ಕನ್ನಡದಲ್ಲಿ ಎರಡು ಪದ ಎಷ್ಟು ಹತ್ತಿರ ನೋಡಿ. ನಿತ್ಯ ಅಂದರೆ ಯಾವಾಗಲೂ ಇರುವುದು ಅಂತಲೂ ಹೌದು, ದಿನಾಲೂ ಅಂತಲೂ ಹೌದು. ಹಾಲಿನವನು ನಿತ್ಯ ಬರುತ್ತಾನೆ. ನನಗೆ ಅನ್ನಿಸುವುದು, ಅಜ್ಜ ತಪ್ಪು ಕೇಳಿಸಿಕೊಂಡರೂ ಪೂರ್ತಿ ತಪ್ಪಲ್ಲ. ಯೋಹಾನ ಬರೆದ ಸುವಾರ್ತೆಯ, ಅಂದರೆ ಯೇಸುವಿನ ಕಥೆ ಹೇಳುವ ಪುಸ್ತಕದ, ಹದಿನೇಳನೇ ಅಧ್ಯಾಯದಲ್ಲಿ ಯೇಸುವೇ ಇದಕ್ಕೆ ಅರ್ಥ ಹೇಳುತ್ತಾನೆ. ಒಬ್ಬನೇ ಸತ್ಯದೇವರನ್ನೂ ಅವನು ಕಳಿಸಿದ ಯೇಸು ಕ್ರಿಸ್ತನನ್ನೂ ಅರಿಯುವುದೇ ನಿತ್ಯಜೀವ. ಅಲ್ಲಿ ಎಷ್ಟು ವರ್ಷ ಅನ್ನುವ ಲೆಕ್ಕವೇ ಇಲ್ಲ. ಅದೇ ಸುವಾರ್ತೆಯ ಐದನೇ ಅಧ್ಯಾಯದಲ್ಲಿ ನಂಬಿದವನು ಸತ್ತ ಮೇಲೆ ಅದನ್ನು ಪಡೆಯುತ್ತಾನೆ ಅನ್ನುವುದಿಲ್ಲ, ಈಗಲೇ ಪಡೆದಿದ್ದಾನೆ ಅನ್ನುತ್ತದೆ. ಅಂದರೆ ಅದು ಶುರುವಾಗುವುದು ಈ ದಿನನಿತ್ಯದ ಜೀವನದಲ್ಲೇ. ಗ್ಯಾಸ್ ಸಿಲಿಂಡರ್, ಮಗಳ ಫೀಸು, ಮೊಣಕಾಲು ನೋವು ಇವುಗಳ ನಡುವೆಯೇ.

ಬರೀ ಉದ್ದ ಬದುಕಿದರೆ ಅದು ವರವಾಗುತ್ತಾ? ಅಶ್ವತ್ಥಾಮನ ಕಥೆ ನಮಗೆಲ್ಲ ಗೊತ್ತು. ಅವನಿಗೂ ಸಾವಿಲ್ಲ. ಹಣೆಯ ಗಾಯ ಮಾಯದೆ, ಯಾರೂ ಹತ್ತಿರ ಸೇರಿಸದೆ ಅಲೆಯಬೇಕು. ಅವನಿಗೆ ಸಾವಿಲ್ಲದ ಬದುಕು ಸಿಕ್ಕಿದ್ದು ಶಾಪವಾಗಿ. ಬೈಬಲಿನ ನಿತ್ಯಜೀವ ಉದ್ದದ ಮಾತಲ್ಲ, ಜೊತೆಯ ಮಾತು. ಯಾರ ಜೊತೆ ಅನ್ನುವುದು ಮುಖ್ಯ. ಉದ್ದ ಅದರ ಹಿಂದೆ ತಾನಾಗಿ ಬರುತ್ತದೆ, ಯಾಕೆಂದರೆ ಆ ಜೊತೆಗಾರನಿಗೆ ಕೊನೆಯಿಲ್ಲ.

ನಿತ್ಯಜೀವದ ಜೊತೆಗೇ ಕೇಳಿಬರುವ ಇನ್ನೊಂದು ಪದ 'ನಿರೀಕ್ಷೆ'. ಮಳೆ ಬಂದರೆ ಸಾಕಪ್ಪಾ ಅನ್ನುವುದು ಆಸೆ. ಟಿಕೆಟ್ ಮಾಡಿಸಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಚೀಲ ಇಟ್ಟುಕೊಂಡು ಕೂತಿರುವುದು ನಿರೀಕ್ಷೆ. ಬಸ್ ಇನ್ನೂ ಕಾಣಿಸುತ್ತಿಲ್ಲ. ಆದರೆ ಕೈಯಲ್ಲಿ ಟಿಕೆಟ್ ಇದೆ. ಕ್ರಿಸ್ತ ಎದ್ದದ್ದೇ ಆ ಟಿಕೆಟ್ ಅಂತ ಕ್ರೈಸ್ತರು ನಂಬುತ್ತಾರೆ.

ಎದ್ದದ್ದು ಅಂದೆ. ಇಲ್ಲಿ ಕನ್ನಡದಲ್ಲಿ ಜನ ಎಡವುವುದು ಜಾಸ್ತಿ. ಪುನರ್ಜನ್ಮ, ಪುನರುತ್ಥಾನ. ಕೇಳಲು ಅಣ್ಣತಮ್ಮಂದಿರ ಹಾಗಿವೆ. ಅರ್ಥ ಮಾತ್ರ ಬೇರೆ ಬೇರೆ. ಪುನರ್ಜನ್ಮದಲ್ಲಿ ಜೀವ ಹಳೆಯ ಮೈ ಬಿಟ್ಟು ಬೇರೆ ಹೊಟ್ಟೆಯಲ್ಲಿ ಬೇರೆ ಮೈ ತೊಟ್ಟು ಬರುತ್ತದೆ. ಹಳೆಯ ಹೆಸರಿಲ್ಲ, ಹಳೆಯ ನೆನಪಿಲ್ಲ. ಪುನರುತ್ಥಾನದಲ್ಲಿ ಸತ್ತ ಮನುಷ್ಯನೇ ಏಳುತ್ತಾನೆ. ಅದೇ ಹೆಸರು, ಅದೇ ಮನುಷ್ಯ. ಒಂದೇ ಸಲ ಹುಟ್ಟು, ಒಂದೇ ಸಲ ಸಾವು, ಆಮೇಲೆ ಏಳುವುದು. ಆತ್ಮ ಮಾತ್ರ ಹಾರಿಹೋಗಿ ಮೋಡದ ಮೇಲೆ ಕೂರುತ್ತದೆ ಅನ್ನುವುದು ಕ್ಯಾಲೆಂಡರ್ ಚಿತ್ರ. ಬೈಬಲ್ ಹೇಳುವುದು ಮೈಯೂ ಏಳುತ್ತದೆ ಅಂತ.

ಇದನ್ನೂ ಪೌಲ ಬರೆದದ್ದು ಅದೇ ಕೊರಿಂಥದವರಿಗೆ, ಅದೇ ಪತ್ರದಲ್ಲಿ, ಹದಿನೈದನೇ ಅಧ್ಯಾಯದಲ್ಲಿ. ಸತ್ತವರು ಎಂಥ ಮೈಯಲ್ಲಿ ಏಳುತ್ತಾರೆ ಅಂತ ಅಲ್ಲಿ ಕೆಲವರು ಕೇಳುತ್ತಿದ್ದರು. ಅವನು ಕಾಳಿನ ಉದಾಹರಣೆ ಕೊಟ್ಟ. ಅವನು ಹೇಳಿದ್ದು ಗೋಧಿ. ನಮ್ಮ ಜಿಲ್ಲೆಯಲ್ಲಾದರೆ ಮೆಕ್ಕೆಜೋಳ ಅನ್ನಬೇಕು. ಬಿತ್ತುವುದು ಒಣಗಿದ ಒಂದು ಹಳದಿ ಕಾಳು. ಮಣ್ಣಿನಲ್ಲಿ ಅದು ಸಾಯುತ್ತದೆ. ಎದ್ದು ಬರುವುದು ಆಳೆತ್ತರದ ದಂಟು, ಹಸಿರು ಗರಿ, ತೆನೆ. ಕಾಳಿಗೂ ದಂಟಿಗೂ ಹೋಲಿಕೆ ಇದೆಯಾ? ಕಣ್ಣಿಗೆ ಇಲ್ಲ. ಆದರೆ ಮೆಕ್ಕೆಜೋಳ ಬಿತ್ತಿದ ಹೊಲದಲ್ಲಿ ರಾಗಿ ಏಳುವುದಿಲ್ಲ. ಮೈ ಬದಲಾಗುತ್ತದೆ, ಆಳು ಬದಲಾಗುವುದಿಲ್ಲ. ಬಿತ್ತುವಾಗ ಬಲಹೀನ, ಏಳುವಾಗ ಬಲಿಷ್ಠ ಅನ್ನುತ್ತಾನೆ ಪೌಲ. ಮಣ್ಣಿನಲ್ಲಿ ಬಿದ್ದು ಎದ್ದ ಪೈಲ್ವಾನರಿಗೆ ಈ ಮಾತು ನನಗಿಂತ ಬೇಗ ಅರ್ಥವಾಗುತ್ತದೆ ಅಂತ ನನ್ನ ಗುಮಾನಿ.

ಇದನ್ನು ನಂಬಿದ ಆಟಗಾರರು ಹೇಗೆ ಬದುಕಿದರು? ಆಗಲೇ ಹೇಳಿದ ಲಿಡೆಲ್‌ನನ್ನೇ ನೋಡಿ. ಅವನ ನಿಜವಾದ ಓಟ 100 ಮೀಟರ್. ಅದರ ಮೊದಲ ಸುತ್ತು ಭಾನುವಾರ ಬಿತ್ತು. ಭಾನುವಾರ ದೇವರ ದಿನ, ಓಡುವುದಿಲ್ಲ ಅಂದ. ಹಾಗಾಗಿ 400 ಮೀಟರಿಗೆ ಹೋದ, ಗೆದ್ದ. ಇಷ್ಟು ಎಲ್ಲರಿಗೂ ಗೊತ್ತು. ನನಗೆ ಅದರ ನಂತರದ್ದೇ ದೊಡ್ಡದು ಅನ್ನಿಸುತ್ತದೆ. ಮರುವರ್ಷವೇ, ಹೆಸರು ಇನ್ನೂ ಬಿಸಿ ಇರುವಾಗಲೇ, ತಾನು ಹುಟ್ಟಿದ ಚೀನಾಕ್ಕೆ ಮಿಷನರಿಯಾಗಿ ಹೊರಟುಹೋದ. ಶಾಲೆಯಲ್ಲಿ ಪಾಠ ಹೇಳಿದ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಅವನನ್ನು ವೈಷಿಯನ್ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ, ಆಟ ಆಡಿಸುತ್ತಾ ಇದ್ದ. 1945ರ ಫೆಬ್ರವರಿಯಲ್ಲಿ ಮೆದುಳಿನ ಗೆಡ್ಡೆಯಿಂದ ಅಲ್ಲೇ ತೀರಿಕೊಂಡ. ವಯಸ್ಸು 43. ಯುದ್ಧ ಮುಗಿಯಲು ಇನ್ನು ಕೆಲವೇ ತಿಂಗಳಿತ್ತು.

ಕ್ರಿಕೆಟಿನವರಿಗೆ ಸಿ. ಟಿ. ಸ್ಟಡ್ ಹೆಸರು ಹೇಳಬೇಕು. 1882ರಲ್ಲಿ ಓವಲ್‌ನಲ್ಲಿ ಆಸ್ಟ್ರೇಲಿಯಾ ಎದುರು ಇಂಗ್ಲೆಂಡ್ 7 ರನ್ನಿನಿಂದ ಸೋತಿತಲ್ಲ, ಈ ಎರಡು ದೇಶಗಳ ಟೆಸ್ಟ್ ಸರಣಿಗೆ ಆ್ಯಷಸ್ ಅನ್ನುವ ಹೆಸರು ಹುಟ್ಟಿದ್ದೇ ಆ ಸೋಲಿನಿಂದ. ಕೊನೆಯ ಇನಿಂಗ್ಸ್‌ನಲ್ಲಿ ಒಂದು ಚೆಂಡೂ ಎದುರಿಸದೆ ಆ ಕಡೆ ನಿಂತೇ ಸೋಲು ನೋಡಿದವನು ಸ್ಟಡ್. ಆಮೇಲೆ ಅವನ ಅಣ್ಣ ಸಾಯುವಷ್ಟು ಕಾಯಿಲೆ ಬಿದ್ದ. ಆ ಮಂಚದ ಪಕ್ಕ ಕೂತಾಗ ಕ್ರಿಕೆಟಿನ ಹೆಸರಿಗೆ ಏನು ಬೆಲೆ ಅನ್ನುವ ಪ್ರಶ್ನೆ ಅವನನ್ನು ಬಿಡಲಿಲ್ಲ. 1885ರಲ್ಲಿ ಚೀನಾಕ್ಕೆ ಹೋದ. ಮುಂದೆ ಕೆಲವು ವರ್ಷ ನಮ್ಮ ಪಕ್ಕದ ಊಟಿಯಲ್ಲೂ ಒಂದು ಚರ್ಚಿನ ಸಭಾಪಾಲಕನಾಗಿದ್ದ. ಅಲ್ಲೂ ಕ್ರಿಕೆಟ್ ಆಡುವುದು ಬಿಡಲಿಲ್ಲ ಅನ್ನುವುದು ನನಗೆ ಇಷ್ಟವಾದ ಸಂಗತಿ.

ಇಷ್ಟನ್ನೂ ಅಜ್ಜನಿಗೆ ಒಂದೇ ದಿನ ಹೇಳಲಿಲ್ಲ. ನಾಲ್ಕೈದು ಸಂಜೆ ಹಿಡಿಯಿತು, ನಡುನಡುವೆ ಮಂಡಕ್ಕಿ ಮೆಣಸಿನಕಾಯಿ. ಕೊನೆಯ ಸಂಜೆ ಯೇಸುವಿನ ಶಿಷ್ಯ ತೋಮನ ಕಥೆ ಹೇಳಿದೆ. ಎದ್ದು ಬಂದ ಯೇಸು ಶಿಷ್ಯರ ಮುಂದೆ ನಿಂತಾಗ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತು. ನಂಬದ ತೋಮನಿಗೆ ಅದನ್ನೇ ತೋರಿಸಿದ. ಹೊಸ ಮೈ, ಆದರೆ ಗಾಯದ ಕಲೆ ಹೋಗಿರಲಿಲ್ಲ.

ಅಜ್ಜ ಮಂಡಕ್ಕಿ ಬಿಟ್ಟು ಕೂತರು. ಅವರ ಕೈ ತಾನಾಗಿ ಎಡಗಿವಿಗೆ ಹೋಯಿತು. ಕುಸ್ತಿ ಹಿಡಿದವರ ಕಿವಿ ನೋಡಿದ್ದೀರಲ್ಲ, ಉಜ್ಜಿ ಉಜ್ಜಿ ಮುದುಡಿ, ಹೂಕೋಸಿನ ತುಂಡಿನ ಹಾಗೆ ಗಟ್ಟಿಯಾಗಿರುತ್ತದೆ.

"ಗಾಯದ ಗುರ್ತು ಉಳೀತಾ? ಹಂಗಾರೆ ಈ ಕಿವಿ?"

ನಾನು ಉತ್ತರ ಹುಡುಕುತ್ತಿದ್ದೆ. ಅಜ್ಜ ಕಾಯಲಿಲ್ಲ. ಕಿವಿಯನ್ನು ಒಮ್ಮೆ ಹಿಂಡಿಕೊಂಡು, ಮಂಡಕ್ಕಿ ತಟ್ಟೆಯನ್ನು ನನ್ನ ಕಡೆ ತಳ್ಳಿದರು.

"ಇರ್ಲಿ ಬಿಡು. ಇದೂ ಹೋದ್ರೆ ನಮ್ಮ ವಸ್ತಾದ್ರು ನನ್ನ ಹೆಂಗ್ ಗುರ್ತು ಹಿಡೀತಾರೆ?"